ಕಾರ್ನಿಯಾ ಹೊರುವ ಮೂರು ಪೆಟ್ಟಿಗೆ, ಅದಕ್ಕಂಟಿದ ಒಂದು ಚೀಟಿ

ದಾನಿಯ ಮನೆಯಿಂದ ನೇತ್ರ ಬ್ಯಾಂಕಿಗೆ, ಅಲ್ಲಿಂದ ಕಸಿ ನಡೆಯುವ ಆಸ್ಪತ್ರೆಗೆ ಕಾರ್ನಿಯಾ ಹೋಗುವುದು ಒಂದು ಪೆಟ್ಟಿಗೆಯೊಳಗೆ. ಈ ಕೆಲಸಕ್ಕೆ ನಮ್ಮಲ್ಲಿ ಕೈಗೆ ಸಿಗುವುದು ಮೂರು ಬಗೆ. ಮೆಡಿಕಲ್ ಅಂಗಡಿಗೆ ಇನ್ಸುಲಿನ್ ಬಂದಿಳಿಯುವ ಬಿಳಿ ಥರ್ಮೋಕೋಲ್ ಡಬ್ಬಿ ಒಂದು. ಪೋಲಿಯೊ ಹನಿ ಹಾಕುವ ದಿನ ಆಶಾ ಕಾರ್ಯಕರ್ತೆಯರ ಹೆಗಲಲ್ಲಿ ಕಾಣುವ ವ್ಯಾಕ್ಸಿನ್ ಕ್ಯಾರಿಯರ್ ಇನ್ನೊಂದು. ಬೆಲೆಬಾಳುವ ಔಷಧಗಳನ್ನು ಕಳಿಸುವವರು ಬಳಸುವ ಪಿಸಿಎಂ (ಫೇಸ್ ಚೇಂಜ್ ಮೆಟೀರಿಯಲ್, ಅಂದರೆ ಗೊತ್ತಾದ ಉಷ್ಣತೆಯಲ್ಲಿ ಕರಗುವ ವಸ್ತು) ಪೆಟ್ಟಿಗೆ ಮೂರನೆಯದು. ಈ ಮೂರನ್ನೂ, ಇವುಗಳ ಒಳಗೆ ಹೊರಗೆ ಅಂಟಿಸುವ ಲೇಬಲ್ಲನ್ನೂ ಇಲ್ಲಿ ತೂಗಿ ನೋಡಿದ್ದೇವೆ. ಕಂಪನಿಗಳ ಹೆಸರು ಹಾಕಿಲ್ಲ, ಏಕೆಂದರೆ ಒಂದೇ ಬಗೆಯ ಪೆಟ್ಟಿಗೆಗಳಲ್ಲಿ ಬ್ರ್ಯಾಂಡ್ ಬದಲಾದರೆ ಬಣ್ಣ ಬದಲಾಗುತ್ತದೆ, ಭೌತಶಾಸ್ತ್ರ ಬದಲಾಗುವುದಿಲ್ಲ.

ಮೊದಲು ಸರಕು ಯಾವುದೆಂದು ತಿಳಿಯಬೇಕು. ಕಾರ್ನಿಯಾ ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ. ಅಡ್ಡಳತೆ 11ರಿಂದ 12 ಮಿ.ಮೀ., ನಡುವಿನ ದಪ್ಪ ಸುಮಾರು ಅರ್ಧ ಮಿ.ಮೀ. ಸುತ್ತ 2ರಿಂದ 4 ಮಿ.ಮೀ. ಬಿಳಿಗುಡ್ಡೆಯ ಅಂಚು ಉಳಿಸಿ ಕತ್ತರಿಸಿ, 20 ಮಿ.ಲೀ. ದ್ರವವಿರುವ ಸೀಸೆಯಲ್ಲಿ ಮುಳುಗಿಸಿ ಇಡುತ್ತಾರೆ. ಅದರ ಒಳಮೈಯಲ್ಲಿ ಎಂಡೋಥೀಲಿಯಮ್ ಎಂಬ ಒಂದೇ ಒಂದು ಪದರ ಕೋಶಗಳಿವೆ. ಕಾರ್ನಿಯಾದೊಳಗಿನ ನೀರನ್ನು ಹೊರಗೆ ಹಾಕಿ ಅದನ್ನು ತಿಳಿಯಾಗಿಡುವ ಪಂಪು ಅದು. ಈ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಸಿಗೆ ಸಾಮಾನ್ಯವಾಗಿ ಬಯಸುವುದು ಚದರ ಮಿ.ಮೀ.ಗೆ 2000ಕ್ಕಿಂತ ಹೆಚ್ಚು ಕೋಶ. ಹಾಗಾಗಿ ಪೆಟ್ಟಿಗೆಯ ಇಡೀ ಕೆಲಸ ಈ ಒಂದು ಪದರವನ್ನು ಜೀವಂತವಾಗಿ ತಲುಪಿಸುವುದು. ಬೇಕಾದ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್.

ಸೀಸೆಯೊಳಗಿನ ದ್ರವದಿಂದಲೇ ಪ್ರಯಾಣದ ಗಡುವು ತೀರ್ಮಾನವಾಗುತ್ತದೆ. ಮೆಕ್‌ಕ್ಯಾರಿ ಮತ್ತು ಕೌಫ್‌ಮನ್ 1974ರಲ್ಲಿ ರೂಪಿಸಿದ ಎಂಕೆ ಮೀಡಿಯಮ್‌ನಲ್ಲಿ 96 ಗಂಟೆ. ಮಧುರೈನಲ್ಲಿ ತಯಾರಾಗುವ ಕಾರ್ನಿಸಾಲ್, ಹೊರದೇಶದಿಂದ ಬರುವ ಆಪ್ಟಿಸಾಲ್ ಜಿಎಸ್ ಇವುಗಳಲ್ಲಿ 14 ದಿನ. ಎಂಕೆ ಅಗ್ಗ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ರಾಮಾಯಮ್ಮ ನೇತ್ರ ಬ್ಯಾಂಕ್ ಅದನ್ನು ತಯಾರಿಸುವುದರಿಂದ ದೇಶದೊಳಗೇ ಸಿಗುತ್ತದೆ. ಆದರೆ 96 ಗಂಟೆಯಲ್ಲಿ ರಕ್ತಪರೀಕ್ಷೆಯ ವರದಿ ಬರಬೇಕು, ಕೋಶ ಎಣಿಸಬೇಕು, ರೋಗಿಯನ್ನು ಕರೆಸಬೇಕು, ಪೆಟ್ಟಿಗೆ ತಲುಪಬೇಕು. ಬಸ್ಸು ಆರು ಗಂಟೆ ತಡವಾದರೆ ಎಂಕೆಯಲ್ಲಿರುವ ಕಾರ್ನಿಯಾದ ಆಯುಸ್ಸಿನಲ್ಲಿ ಹದಿನಾರನೇ ಒಂದು ಪಾಲು ಹೋದಂತೆ.

ಈಗ ಪೆಟ್ಟಿಗೆಗಳು.

ಥರ್ಮೋಕೋಲ್ ಡಬ್ಬಿ ಎಲ್ಲಕ್ಕಿಂತ ಅಗ್ಗ, ಎಲ್ಲೆಡೆ ಸಿಗುತ್ತದೆ, ಹಿಂದಕ್ಕೆ ಬಾರದಿದ್ದರೂ ಯಾರಿಗೂ ಚಿಂತೆಯಿಲ್ಲ. ದೋಷವಿರುವುದು ಗೋಡೆಯ ದಪ್ಪದಲ್ಲಿ. ಒಳ ಅಳತೆ ಮೂರೂ ಕಡೆ 20 ಸೆಂ.ಮೀ. ಇರುವ ಡಬ್ಬಿ ತೆಗೆದುಕೊಳ್ಳಿ. ಹೊರಗೆ 35 ಡಿಗ್ರಿ, ಒಳಗೆ 4. ಗೋಡೆ 25 ಮಿ.ಮೀ. ದಪ್ಪವಿದ್ದರೆ ಸುಮಾರು 13 ವ್ಯಾಟ್ ಶಾಖ ಒಳಗೆ ಬರುತ್ತಿರುತ್ತದೆ. ಒಂದು ಕಿಲೊ ಐಸ್ ಕರಗಲು ಹೀರುವ ಶಾಖ 334 ಕಿಲೊಜೌಲ್. ಭಾಗಿಸಿದರೆ ಏಳು ಗಂಟೆ. ಗೋಡೆ 40 ಮಿ.ಮೀ. ಆದರೆ ಸುಮಾರು 9.4 ವ್ಯಾಟ್, ಅದೇ ಒಂದು ಕಿಲೊ ಐಸ್ ಹತ್ತು ಗಂಟೆಯ ಹತ್ತಿರ ಬರುತ್ತದೆ. ಇದು ಕಾಗದದ ಲೆಕ್ಕ. ಮುಚ್ಚಳದ ಸಂದು, ಮುರಿದ ಮೂಲೆ, ಬಿಸಿಲು ಇವೆಲ್ಲ ಸೇರಿದರೆ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ. ಮುಚ್ಚಳದ ಸುತ್ತ ಅಗಲದ ಬ್ರೌನ್ ಟೇಪನ್ನು ಬಿಡುವಿಲ್ಲದೆ ಒಂದು ಸುತ್ತು ಹಾಕುವುದು ಅಲಂಕಾರಕ್ಕಲ್ಲ, ಸಂದಿನ ಗಾಳಿ ತಡೆಯಲು. ಡಬ್ಬಿಯನ್ನು ರಟ್ಟಿನ ಪೆಟ್ಟಿಗೆಯೊಳಗೆ ಕೂರಿಸಿದರೆ ಮೂಲೆ ಮುರಿಯುವುದಿಲ್ಲ, ಲೇಬಲ್ ಅಂಟಲು ಒಳ್ಳೆಯ ಮೈಯೂ ಸಿಗುತ್ತದೆ. ಥರ್ಮೋಕೋಲ್ ಮೇಲೆ ನೇರವಾಗಿ ಅಂಟಿಸಿದ ಸ್ಟಿಕ್ಕರ್ ಕಾಳುಗಳನ್ನೂ ಕಿತ್ತುಕೊಂಡು ಉದುರುತ್ತದೆ.

ಹತ್ತು ಗಂಟೆಯ ರಾತ್ರಿ ಬಸ್ಸಿಗೆ ತೆಳು ಗೋಡೆಯ ಡಬ್ಬಿ ಸಾಲದು ಎಂಬುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ. ಊರೊಳಗಿನ ಓಡಾಟಕ್ಕೆ, ನಾಲ್ಕು ಗಂಟೆಯೊಳಗಿನ ದಾರಿಗೆ ಸಾಕು.

ವ್ಯಾಕ್ಸಿನ್ ಕ್ಯಾರಿಯರ್ ನಮ್ಮ ಆಯ್ಕೆ. ಕಾರಣ ಸರಳ. ಗಟ್ಟಿ ಪ್ಲಾಸ್ಟಿಕ್ ಗೋಡೆಗಳ ನಡುವೆ ಪಾಲಿಯುರಥೇನ್ ಫೋಮ್, ನಾಲ್ಕೂ ಮಗ್ಗುಲಿಗೆ ತಲಾ 0.4 ಲೀಟರಿನ ಐಸ್ ಪ್ಯಾಕ್, ನಡುವೆ ಸರಕು. ಒಟ್ಟು 1.6 ಕಿಲೊ ಐಸ್, ಅಂದರೆ 530 ಕಿಲೊಜೌಲಿಗೂ ಹೆಚ್ಚು ಶಾಖ ಹೀರುವ ಶಕ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡಕ್ಕೆ ಹೊಂದುವ ಕ್ಯಾರಿಯರ್ 43 ಡಿಗ್ರಿ ಹೊರ ಉಷ್ಣತೆಯಲ್ಲಿ ಕನಿಷ್ಠ 15 ಗಂಟೆ ತಂಪು ಹಿಡಿಯಬೇಕು. ದೂರದ ಪ್ರಯಾಣದ ಮಾದರಿ 30 ಗಂಟೆ. ರಾಯಚೂರಿನ ಮೇ ತಿಂಗಳಿಗೂ ಇದು ಸಾಕು. ಬೆಲ್ಟ್ ಇದೆ, ಹೆಗಲಿಗೆ ಹಾಕಿಕೊಂಡರೆ ಎರಡು ಕೈಯೂ ಖಾಲಿ. ತೊಳೆದು ಒರೆಸಿ ಮತ್ತೆ ಬಳಸಬಹುದು. ಮಂಜಿನ ನೀರು ಹೊರಗೆ ಸೋರುವುದಿಲ್ಲ, ಆದ್ದರಿಂದ ಕಂಡಕ್ಟರ್ ಜೊತೆ ಜಗಳವಿಲ್ಲ.

ಆದರೆ ಇದೇ ಪೆಟ್ಟಿಗೆ ಕಾರ್ನಿಯಾವನ್ನು ಕೊಲ್ಲಲೂ ಬಲ್ಲದು, ಬಿಸಿಯಿಂದಲ್ಲ, ಹೆಪ್ಪಿನಿಂದ. ಸ್ವಲ್ಪ ವಿವರವಾಗಿ ಹೇಳಬೇಕಾದ ಮಾತಿದು. ಡೀಪ್ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕ್ ಇರುವುದು 0 ಡಿಗ್ರಿಯಲ್ಲಲ್ಲ, ಮೈನಸ್ 20ರ ಸುಮಾರಿನಲ್ಲಿ. 400 ಗ್ರಾಂ ಐಸ್ ಮೈನಸ್ 20ರಿಂದ ಸೊನ್ನೆಗೆ ಬರುವುದರೊಳಗೆ ಸುತ್ತಲಿನಿಂದ 17 ಕಿಲೊಜೌಲ್ ಎಳೆದುಕೊಳ್ಳುತ್ತದೆ. 20 ಮಿ.ಲೀ. ಸೀಸೆಯನ್ನು 4 ಡಿಗ್ರಿಯಿಂದ ಸೊನ್ನೆಗೆ ಇಳಿಸಿ ಪೂರ್ತಿ ಹೆಪ್ಪುಗಟ್ಟಿಸಲು ಬೇಕಾದದ್ದು ಸುಮಾರು 7 ಕಿಲೊಜೌಲ್. ಅಂದರೆ ಫ್ರೀಜರಿನಿಂದ ನೇರ ಬಂದ ಒಂದೇ ಪ್ಯಾಕಿನಲ್ಲಿರುವ ಹೆಚ್ಚುವರಿ ತಂಪು ಸೀಸೆಯನ್ನು ಎರಡು ಸಲ ಗಟ್ಟಿ ಮಾಡಲು ಸಾಕು. ಕ್ಯಾರಿಯರ್‌ನಲ್ಲಿ ಅಂಥವು ನಾಲ್ಕಿವೆ. ಹೆಪ್ಪುಗಟ್ಟುವಾಗ ಹುಟ್ಟುವ ಮಂಜಿನ ಹರಳು ಎಂಡೋಥೀಲಿಯಮ್ ಕೋಶಗಳನ್ನು ಒಡೆಯುತ್ತದೆ. ಇದರ ಕೆಟ್ಟತನ ಏನೆಂದರೆ, ತಲುಪುವ ಹೊತ್ತಿಗೆ ಎಲ್ಲ ಕರಗಿ ಸೀಸೆ ನೋಡಲು ಸರಿಯಾಗಿಯೇ ಇರುತ್ತದೆ. ಥರ್ಮಾಮೀಟರ್ ಕೂಡ 4 ಡಿಗ್ರಿ ಎನ್ನುತ್ತದೆ. ಮನೆಯವರ ಒಪ್ಪಿಗೆ, ಸಾವಾದ ಆರು ಗಂಟೆಯೊಳಗೆ ಓಡಿ ಹೋಗಿ ತೆಗೆದದ್ದು, ಪರೀಕ್ಷೆ, ಎಲ್ಲ ಸೇರಿ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಪರಿಹಾರಕ್ಕೆ ಕಾಸು ಬೇಕಿಲ್ಲ, ತಾಳ್ಮೆ ಬೇಕು. ಲಸಿಕೆಯವರು ಇದಕ್ಕೆ ಕಂಡೀಷನಿಂಗ್ ಎನ್ನುತ್ತಾರೆ. ಪ್ಯಾಕುಗಳನ್ನು ಫ್ರೀಜರಿನಿಂದ ತೆಗೆದು, ಒಂದಕ್ಕೊಂದು ತಾಗದಂತೆ ಮೇಜಿನ ಮೇಲೆ ಹರಡಿ. ಮೇಲ್ಮೈಯ ಬಿಳಿ ಹಿಮ ಹೋಗಿ ಬೆವರು ಹನಿ ಬರುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ. ಒಳಗೆ ಐಸ್ ಗಡ್ಡೆ ನೀರಿನಲ್ಲಿ ಆಡುವ ಸದ್ದು ಕೇಳಿದರೆ ಪ್ಯಾಕ್ ಸೊನ್ನೆಗೆ ಬಂದಿದೆ. ಎಷ್ಟು ನಿಮಿಷ ಎಂದು ಕೇಳಬೇಡಿ. ಬಳ್ಳಾರಿಯ ಏಪ್ರಿಲಿಗೂ ಮಡಿಕೇರಿಯ ಡಿಸೆಂಬರಿಗೂ ಒಂದೇ ಉತ್ತರವಿಲ್ಲ. ಗಡಿಯಾರ ನೋಡದೆ ಸದ್ದು ಕೇಳಿ. ಮೇಲೆ ಒರೆಸಿ ಒಣಗಿಸಿ ಇಡಿ. ಆಮೇಲೂ ಸೀಸೆ ಪ್ಯಾಕಿಗೆ ನೇರವಾಗಿ ತಾಗಬಾರದು. ಸೀಸೆಯನ್ನು ಜಿಪ್ ಕವರಿಗೆ ಹಾಕಿ, ಹತ್ತಿ ಸುತ್ತಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಆ ಡಬ್ಬಿಯನ್ನು ಕ್ಯಾರಿಯರ್ ನಡುವೆ ಇಡಬೇಕು. ಒಳಗೆ ಹತ್ತಿಯಿದ್ದರೆ ಸೀಸೆ ಸೋರಿದರೂ ಹೀರಿಕೊಳ್ಳುತ್ತದೆ. ನೆಟ್ಟಗೆ ಏಕೆಂದರೆ, ಸೀಸೆಯೊಳಗೆ ಸ್ವಲ್ಪ ಗಾಳಿ ಇರುತ್ತದೆ. ತಲೆಕೆಳಗಾದರೆ ಕಾರ್ನಿಯಾ ಮುಚ್ಚಳದ ಒಳಮೈಗೆ ಅಂಟಿ, ಮತ್ತೆ ನೇರ ಮಾಡಿದಾಗ ದ್ರವದ ಹೊರಗೇ ಉಳಿಯಬಹುದು.

ಕಂಡೀಷನಿಂಗ್ ಬೇಡವೆನ್ನುವವರಿಗೆ ಹಳೆಯ ದಾರಿಯೂ ಇದೆ: ಒಡೆದ ಮಂಜುಗಡ್ಡೆ, ಸ್ವಲ್ಪ ನೀರು, ಎರಡು ಪದರ ಜಿಪ್ ಕವರ್. ಕರಗುತ್ತಿರುವ ಐಸ್ ಸೊನ್ನೆಗಿಂತ ಕೆಳಗೆ ಹೋಗದು, ಲವಣಗಳಿರುವ ಮೀಡಿಯಮ್ ಸೊನ್ನೆಯಲ್ಲಿ ಹೆಪ್ಪುಗಟ್ಟದು. ಹಾಗಾಗಿ ಹೆಪ್ಪಿನ ವಿಷಯದಲ್ಲಿ ಇದು ಫ್ರೀಜರ್ ಪ್ಯಾಕಿಗಿಂತ ಸುರಕ್ಷಿತ. ತೊಂದರೆ ಬರುವುದು ನೀರು ಸೋರಿದಾಗ, ಲೇಬಲ್ ನೆಂದಾಗ. ಇನ್ನು ಎರಡು ವಸ್ತುಗಳನ್ನು ಪೆಟ್ಟಿಗೆಯ ಹತ್ತಿರಕ್ಕೇ ತರಬಾರದು. ಒಂದು, ಉಪ್ಪುನೀರು ತುಂಬಿದ ಜೆಲ್ ಪ್ಯಾಕ್. ಅದು ಸೊನ್ನೆಗಿಂತ ಬಹಳ ಕೆಳಗೆ ಕರಗುವಂಥದ್ದು, ಐಸ್‌ಕ್ರೀಮ್ ಗಾಡಿಗೆ ಸರಿ. ಇನ್ನೊಂದು ಡ್ರೈ ಐಸ್. ಅದರ ಉಷ್ಣತೆ ಮೈನಸ್ 78.5 ಡಿಗ್ರಿ. ‘ಅಂಗಾಂಶ’ ಎಂದ ಕೂಡಲೇ ಡ್ರೈ ಐಸ್ ಹಾಕಿಬಿಡುವ ಕೊರಿಯರ್‌ನವರಿಗೆ ಮೊದಲೇ ಹೇಳಬೇಕು. ಮೂಳೆಯಂಥ ಕೆಲವು ಅಂಗಾಂಶಗಳನ್ನು ಗಡ್ಡೆಕಟ್ಟಿಸಿಯೇ ಕಳಿಸುವುದುಂಟು. ಗ್ಲಿಸರಾಲ್‌ನಲ್ಲಿಟ್ಟ ಚರ್ಮ ಫ್ರಿಜ್ಜಿನ ಉಷ್ಣತೆಯಲ್ಲಿ ವರ್ಷಗಟ್ಟಲೆ ಇರುತ್ತದೆ. ಹಾಗಾಗಿ ‘ಮಾನವ ಅಂಗಾಂಶ’ ಎಂಬ ಎರಡು ಪದ ಸಾಲದು. ಯಾವ ಅಂಗಾಂಶ, ಯಾವ ಉಷ್ಣತೆ ಎಂದು ಪೆಟ್ಟಿಗೆಯ ಮೇಲೆ ಬರೆದಿರಬೇಕು.

ಪಿಸಿಎಂ ಪೆಟ್ಟಿಗೆಯ ಹೊಸತನ ಅದರ ಪ್ಯಾಕಿನೊಳಗಿರುವ ಮೇಣದಂಥ ವಸ್ತು. ಉದಾಹರಣೆಗೆ ಟೆಟ್ರಾಡೆಕೇನ್ ಸುಮಾರು 5.5ರಿಂದ 6 ಡಿಗ್ರಿಯಲ್ಲಿ ಕರಗುತ್ತದೆ. ಅಂದರೆ ಕರಗುವಷ್ಟು ಹೊತ್ತೂ ಒಳಗಿನ ಉಷ್ಣತೆ ನಮಗೆ ಬೇಕಾದ ಜಾಗದಲ್ಲೇ ನಿಲ್ಲುತ್ತದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಇಲ್ಲ. ವ್ಯವಹಾರದಲ್ಲಿ ಮೂರು ತಕರಾರು. ಕಿಲೊಗೆ ಅದು ಹೀರುವ ಶಾಖ ಐಸಿನ ಮೂರನೇ ಎರಡರಷ್ಟು ಮಾತ್ರ, ಹಾಗಾಗಿ ಅಷ್ಟೇ ಹೊತ್ತಿಗೆ ತೂಕ ಹೆಚ್ಚು. ಮೈನಸ್ 20ರ ಫ್ರೀಜರಿನಲ್ಲಿಟ್ಟರೆ ಅದೂ ಮೈನಸ್ 20ಕ್ಕೇ ಹೋಗುತ್ತದೆ. ‘ಪಿಸಿಎಂ ಇದೆ, ಹೆಪ್ಪುಗಟ್ಟುವುದಿಲ್ಲ’ ಎಂದು ನಂಬಿ ಕಂಡೀಷನಿಂಗ್ ಬಿಟ್ಟವರಿಗೆ ಐಸ್ ಪ್ಯಾಕಿನ ಗತಿಯೇ. 2–3 ಡಿಗ್ರಿಯ ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಬಹುದು, ಆದರೆ ಉಷ್ಣತೆಯ ಅಂತರ ಕಡಿಮೆಯಾದ್ದರಿಂದ ತುಂಬ ಹೊತ್ತು ಬೇಕು. ನೇತ್ರದಾನದ ಕರೆ ಮುನ್ಸೂಚನೆ ಕೊಟ್ಟು ಬರುವುದಿಲ್ಲವಲ್ಲ. ಹಾಗಾಗಿ ಒಂದು ಜೊತೆ ಪ್ಯಾಕ್ ಯಾವಾಗಲೂ ಫ್ರಿಜ್ಜಿನಲ್ಲಿ ಸಿದ್ಧವಿರಬೇಕು. ಮೂರನೆಯದು, ಪೆಟ್ಟಿಗೆ ದುಬಾರಿ, ಹಿಂದಕ್ಕೆ ಬರಲೇಬೇಕು. ಎರಡು ದೊಡ್ಡ ಆಸ್ಪತ್ರೆಗಳ ನಡುವೆ ದಿನವೂ ಓಡಾಟವಿದ್ದರೆ ಕೊಳ್ಳಿ. ತಿಂಗಳಿಗೆ ಎರಡು ಕಾರ್ನಿಯಾ ಕಳಿಸುವ ತಾಲ್ಲೂಕು ಕೇಂದ್ರಕ್ಕೆ ಬೇಡ.

ಯಾವ ಪೆಟ್ಟಿಗೆಯಾದರೂ ಡೇಟಾ ಲಾಗರ್ ಇರಲಿ. ಪೆನ್‌ಡ್ರೈವಿನಷ್ಟಿರುವ ಇದು ಐದೈದು ನಿಮಿಷಕ್ಕೊಮ್ಮೆ ಉಷ್ಣತೆ ಬರೆದಿಟ್ಟುಕೊಳ್ಳುತ್ತದೆ. ಕೆಳಗಿನ ಎಚ್ಚರಿಕೆ 2 ಡಿಗ್ರಿಗೆ, ಮೇಲಿನದು 8ಕ್ಕೆ ಹೊಂದಿಸಿ. ಇಡುವ ಜಾಗ ಸೀಸೆಯ ಪಕ್ಕ. ಐಸ್ ಪ್ಯಾಕಿಗೆ ಅಂಟಿಸಿದರೆ ಅದು ಪ್ಯಾಕಿನ ಕಥೆ ಹೇಳುತ್ತದೆ, ಕಾರ್ನಿಯಾದ್ದಲ್ಲ. ಲಾಗರ್ ಕೊಳ್ಳಲಾಗದಿದ್ದರೆ, ಹೆಪ್ಪುಗಟ್ಟಿದರೆ ಬಣ್ಣ ಬದಲಿಸುವ ಒಂದು ಫ್ರೀಜ್ ಇಂಡಿಕೇಟರಾದರೂ ಇರಲಿ. ತಲುಪುವಾಗ ಸರಿಯಿರುವ ಥರ್ಮಾಮೀಟರಿಗಿಂತ, ದಾರಿಯಲ್ಲಿ ಏನಾಯಿತೆಂದು ಹೇಳುವ ಚೀಟಿ ಮೇಲು.

ಇಷ್ಟಕ್ಕೆ ಪೆಟ್ಟಿಗೆಯ ಮಾತು ಮುಗಿಯಿತು. ನಮ್ಮಲ್ಲಿ ಪೆಟ್ಟಿಗೆಗಿಂತ ಬಡವಾಗಿರುವುದು ಲೇಬಲ್.

ಅಮೆರಿಕದ ನೇತ್ರ ಬ್ಯಾಂಕ್ ಸಂಘದ ಮಾನದಂಡ ಸೀಸೆಯ ಲೇಬಲ್ ಮೇಲೆ ಏನಿರಬೇಕೆಂದು ಪಟ್ಟಿ ಕೊಡುತ್ತದೆ: ಬ್ಯಾಂಕಿನ ಹೆಸರು, ಅಂಗಾಂಶದ ಗುರುತು ಸಂಖ್ಯೆ, ಯಾವ ಅಂಗಾಂಶ, ಸಾವಿನ ದಿನ ಮತ್ತು ಗಂಟೆ, ಸಂರಕ್ಷಿಸಿದ ದಿನ ಮತ್ತು ಗಂಟೆ, ಬಳಕೆಯ ಕೊನೆಯ ದಿನ, ಮೀಡಿಯಮ್‌ನ ಹೆಸರು, ಒಬ್ಬ ರೋಗಿಗೆ ಮಾತ್ರ ಎಂಬ ಸೂಚನೆ, ಇದನ್ನು ಕ್ರಿಮಿರಹಿತವೆಂದು ಭಾವಿಸಬಾರದು ಎಂಬ ಎಚ್ಚರಿಕೆ. ಈ ಕೊನೆಯದು ಹಲವರಿಗೆ ಅಚ್ಚರಿ. ಮೀಡಿಯಮ್‌ನಲ್ಲಿ ಜೆಂಟಮೈಸಿನ್‌ನಂಥ ಪ್ರತಿಜೈವಿಕ ಇರುತ್ತದೆ ನಿಜ. ಆದರೆ ಕಣ್ಣಿನ ಮೇಲ್ಮೈಯಲ್ಲಿ ಸಹಜವಾಗಿಯೇ ಇರುವ ಸೂಕ್ಷ್ಮಜೀವಿಗಳೆಲ್ಲ ಅದಕ್ಕೆ ಸಾಯುವುದಿಲ್ಲ, ಶಿಲೀಂಧ್ರವಂತೂ ಸಾಯುವುದೇ ಇಲ್ಲ. ಪಟ್ಟಿಯಲ್ಲಿ ಏನಿದೆಯೆಂಬಷ್ಟೇ ಏನಿಲ್ಲವೆಂಬುದೂ ಮುಖ್ಯ: ದಾನಿಯ ಹೆಸರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ನಿಯಮ ದಾನಿಯ ಹೆಸರನ್ನು ಗುರುತು ಸಂಕೇತದಲ್ಲಿ ಬಳಸುವುದನ್ನು ನೇರವಾಗಿ ನಿಷೇಧಿಸಿದೆ. ನಮ್ಮ ಊರಿನ ಮಟ್ಟದಲ್ಲಿ ಇದು ಇನ್ನೂ ಮುಖ್ಯ. ಬೆಳಿಗ್ಗೆ ಯಾರ ಮನೆಯಲ್ಲಿ ಸಾವಾಯಿತೆಂದು ಇಡೀ ಬಸ್‌ಸ್ಟ್ಯಾಂಡಿಗೆ ಗೊತ್ತಿರುವ ಊರಿನಲ್ಲಿ, ಡಬ್ಬಿಯ ಮೇಲೆ ಹೆಸರೂ ಬಿದ್ದರೆ ಯಾವ ಆಸ್ಪತ್ರೆಗೆ ಯಾರ ಕಣ್ಣು ಹೋಯಿತೆಂದು ಸಂಜೆಯೊಳಗೆ ಸುದ್ದಿ.

ಎಡ ಬಲದ ವಿಷಯದಲ್ಲಿ ಒಂದು ಪ್ರಶ್ನೆ ಯಾವಾಗಲೂ ಬರುತ್ತದೆ. ಬಲಗಣ್ಣಿನ ಕಾರ್ನಿಯಾ ಎಡಗಣ್ಣಿಗೂ ಹೊಂದುತ್ತದೆ. ಹಾಗಿದ್ದ ಮೇಲೆ ಅದಲು ಬದಲಾದರೆ ಏನು ಮಹಾ? ಮಹಾ ಏನೆಂದರೆ, ಸ್ಲಿಟ್ ಲ್ಯಾಂಪ್ (ಸೀಳು ಬೆಳಕಿನ ಸೂಕ್ಷ್ಮದರ್ಶಕ) ಪರೀಕ್ಷೆ, ಕೋಶದ ಎಣಿಕೆ ನಡೆಯುವುದು ಒಂದೊಂದು ಕಾರ್ನಿಯಾಕ್ಕೆ ಪ್ರತ್ಯೇಕವಾಗಿ. ಬಲದ್ದು 2800, ಎಡದ್ದು 1900 ಎಂದಿಟ್ಟುಕೊಳ್ಳಿ. ಲೇಬಲ್ ಅದಲು ಬದಲಾದರೆ ಎಂಡೋಥೀಲಿಯಮ್ಮೇ ಬೇಕಾಗಿದ್ದ ರೋಗಿಗೆ ಬಡಕಲು ಕಾರ್ನಿಯಾ ಹೋಗುತ್ತದೆ, ಕಾಗದ ಮಾತ್ರ ಚೆಂದವಾಗಿರುತ್ತದೆ. ಲೇಬಲ್ ಮೇಲೆ ಒಂದಕ್ಷರದ ಸಂಕೇತ ಬೇಡ, ರೈಟ್, ಲೆಫ್ಟ್ ಎಂದು ಇಡೀ ಪದ ಬರೆಯಿರಿ. ಸಂಖ್ಯೆ ಒಂದೇ ಇರಲಿ, ಕೊನೆಯ ಭಾಗದಲ್ಲಿ ಎಡ ಬಲದ ಭೇದವಿರಲಿ. ಮೂಲ ಸಂಖ್ಯೆ ಒಂದೇ ಇರಬೇಕಾದ ಕಾರಣ ಇನ್ನೂ ದೊಡ್ಡದು. ಒಂದು ಕಾರ್ನಿಯಾ ಪಡೆದ ರೋಗಿಗೆ ಕಣ್ಣೊಳಗೆ ಸೋಂಕಾದರೆ, ಅದೇ ದಾನಿಯ ಇನ್ನೊಂದು ಕಾರ್ನಿಯಾ ಪಡೆದವರನ್ನು ಅದೇ ದಿನ ಹುಡುಕಿ ನೋಡಬೇಕು. 1978ರಲ್ಲಿ ಅಮೆರಿಕದಲ್ಲಿ ದಾನಿಗಿದ್ದ ರೇಬೀಸ್ ಯಾರಿಗೂ ತಿಳಿಯದೆ ಕಾರ್ನಿಯಾ ಮೂಲಕ ರೋಗಿಗೆ ದಾಟಿ ಪ್ರಾಣ ತೆಗೆಯಿತು. ಕಾರಣ ತಿಳಿಯದ ಸಾವುಗಳ ಕಾರ್ನಿಯಾ ಬೇಡವೆನ್ನುವ ನಿಯಮದ ಹಿಂದೆ ಇಂಥ ಸಾವುಗಳಿವೆ. ದಾನಿಯಿಂದ ರೋಗಿಗೆ, ರೋಗಿಯಿಂದ ದಾನಿಗೆ ಎರಡೂ ದಿಕ್ಕಿನಲ್ಲಿ ದಾರಿ ತೋರಿಸುವುದು ಈ ಸಂಖ್ಯೆಯೊಂದೇ.

ಒಂದು ಕಾರ್ನಿಯಾ ಎರಡಾಗುವ ಕಾಲ ಬಂದ ಮೇಲೆ ಸಂಖ್ಯೆಯ ಕೆಲಸ ಹೆಚ್ಚಿದೆ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಮುಂಪದರ, ಹಿಂಪದರ ಎಂದು ಸೀಳಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ಕಸಿ ಮಾಡಿದ್ದು ಕನ್ನಡಿಗರಿಗೆಲ್ಲ ಗೊತ್ತು. ಅವರ ತಂದೆ ರಾಜ್‌ಕುಮಾರ್ ಅವರ ಕಣ್ಣುಗಳೂ 2006ರಲ್ಲಿ ದಾನವಾಗಿದ್ದವು. ಸೀಳಿದ ಕ್ಷಣದಿಂದ ಒಂದು ಸಂಖ್ಯೆ ಎರಡು ಸೀಸೆಗೆ ಹಂಚಿಹೋಗುತ್ತದೆ. ಮೂಲ ಸಂಖ್ಯೆ, ಎಡ ಅಥವಾ ಬಲ, ಮುಂಪದರವೋ ಹಿಂಪದರವೋ, ಇಷ್ಟೂ ಲೇಬಲ್ಲಿನಲ್ಲಿ ಬರಬೇಕು. ಇದಕ್ಕೆಂದೇ ಇರುವ ಅಂತರರಾಷ್ಟ್ರೀಯ ಪದ್ಧತಿ ಐಎಸ್‌ಬಿಟಿ 128. ಅದರಲ್ಲಿ ದಾನದ ಗುರುತು 13 ಅಕ್ಷರ: ಮೊದಲ ಐದು ಸಂಸ್ಥೆಗೆ, ಮುಂದಿನ ಎರಡು ವರ್ಷಕ್ಕೆ, ಉಳಿದ ಆರು ಕ್ರಮಸಂಖ್ಯೆಗೆ. ಒಂದು ದಾನದಿಂದ ಆದ ಭಾಗಗಳನ್ನು ಉತ್ಪನ್ನ ಸಂಕೇತದಲ್ಲಿ ಬೇರೆಯಾಗಿ ಎಣಿಸಲು ಜಾಗವಿದೆ. ಬಾರ್‌ಕೋಡ್ ಯಂತ್ರವಿಲ್ಲದ ಬ್ಯಾಂಕೂ ಈ ಕ್ರಮವನ್ನು ಕೈಬರಹದಲ್ಲಿ ಅನುಸರಿಸಬಹುದು; ಅದಕ್ಕೆ ಒಂದು ದಪ್ಪ ರಿಜಿಸ್ಟರ್ ಸಾಕು.

ಲೇಬಲ್ ಅಂಟಿಸುವ ಜಾಗ ಸೀಸೆಯ ಮೈ. ಮುಚ್ಚಳವಲ್ಲ. ಮುಚ್ಚಳದ ಮೇಲೆ ಬರೆಯುವ ಅಭ್ಯಾಸ ಅಡುಗೆಮನೆಯ ಡಬ್ಬಗಳಿಗೆ ಸರಿ, ಅಲ್ಲಿಯೂ ಸಾಸಿವೆ ಡಬ್ಬದಲ್ಲಿ ಜೀರಿಗೆ ಸಿಗುವುದನ್ನು ಎಲ್ಲರೂ ಕಂಡಿದ್ದೇವೆ. ಎರಡು ಸೀಸೆ ಒಟ್ಟಿಗೆ ತೆರೆದರೆ ಮುಚ್ಚಳ ಅದಲು ಬದಲಾಗಲು ಒಂದು ಕ್ಷಣ ಸಾಕು. ಸೀಸೆ ಒಣಗಿರುವಾಗ, ಫ್ರಿಜ್ಜಿಗೆ ಹೋಗುವ ಮೊದಲೇ ಅಂಟಿಸಬೇಕು. ತಣ್ಣಗಾದ ಸೀಸೆ ಹೊರಬಂದ ಕೂಡಲೇ ಬೆವರುತ್ತದೆ, ಆಗ ಅಂಟಿಸಿದ್ದು ಪೆಟ್ಟಿಗೆಯ ತಳದಲ್ಲಿ ಸಿಗುತ್ತದೆ. ಕಾಗದದ ಸ್ಟಿಕ್ಕರ್ ಬೇಡ; ಪಾಲಿಪ್ರೊಪಿಲೀನ್ ಹಾಳೆ, ತಂಪಿನಲ್ಲೂ ಹಿಡಿಯುವ ಅಂಟು ಎಂದು ಕೇಳಿ ತನ್ನಿ. ಅಂಗಡಿ ಬಿಲ್ಲಿನಂತೆ ಶಾಖದಿಂದಲೇ ಮೂಡುವ ಅಚ್ಚು ಬಿಸಿಲಿಗೆ, ಸ್ಪಿರಿಟ್ಟಿಗೆ ಮಾಸುತ್ತದೆ, ರಿಬ್ಬನ್ ಬಳಸುವ ಪ್ರಿಂಟರಿನದು ಉಳಿಯುತ್ತದೆ. ಕೈಬರಹವಾದರೆ ನೀರಿಗೆ ಹರಡದ ಪರ್ಮನೆಂಟ್ ಮಾರ್ಕರ್, ಮೇಲೆ ಒಂದು ಸುತ್ತು ಪಾರದರ್ಶಕ ಟೇಪ್. ಆದರೆ ಸೀಸೆಯ ಪೂರ್ತಿ ಸುತ್ತು ಮುಚ್ಚಬೇಡಿ. ದ್ರವದ ಬಣ್ಣ ನೋಡಲು ಒಂದು ಕಿಂಡಿ ಉಳಿಯಬೇಕು. ಎಂಕೆಯಲ್ಲಿ ಫೀನಾಲ್ ರೆಡ್ ಇರುವುದರಿಂದ ಅದು ಗುಲಾಬಿ ಕೆಂಪಾಗಿರುತ್ತದೆ. ಸೂಕ್ಷ್ಮಜೀವಿ ಬೆಳೆದು ಹುಳಿಯಾದರೆ ಹಳದಿಗೆ ತಿರುಗುತ್ತದೆ. ಆ ಹಳದಿಯನ್ನು ಲೇಬಲ್ ಮುಚ್ಚಿಟ್ಟರೆ ಏನು ಬಂತು?

ದಿನಾಂಕ ಬರೆಯುವಲ್ಲಿ ಆಗುವ ತಪ್ಪುಗಳದ್ದೇ ಒಂದು ಅಧ್ಯಾಯ. ‘4 ದಿನ’ ಎಂದು ಬರೆದರೆ ಯಾವ ನಾಲ್ಕು ದಿನ? ಸೋಮವಾರ ರಾತ್ರಿ 10ಕ್ಕೆ ಮೀಡಿಯಮ್‌ಗೆ ಹಾಕಿದ್ದು ಶುಕ್ರವಾರ ರಾತ್ರಿ 10ಕ್ಕೆ ಮುಗಿಯುತ್ತದೆ. ದಿನಾಂಕ ಮಾತ್ರ ಇದ್ದರೆ ಒಬ್ಬರು ಗುರುವಾರವೇ ಎಸೆಯುತ್ತಾರೆ, ಇನ್ನೊಬ್ಬರು ಶನಿವಾರ ಬೆಳಿಗ್ಗೆ ಆಪರೇಷನ್ ಇಟ್ಟುಕೊಳ್ಳುತ್ತಾರೆ. ಗಂಟೆ ಲೆಕ್ಕ ಶುರುವಾಗುವುದು ಮೀಡಿಯಮ್‌ಗೆ ಬಿದ್ದ ಗಳಿಗೆಯಿಂದ, ಸಾವಿನಿಂದಲೂ ಅಲ್ಲ, ಪೆಟ್ಟಿಗೆ ತಲುಪಿದಾಗಿನಿಂದಲೂ ಅಲ್ಲ. ‘ಈ ದಿನ, ಈ ಗಂಟೆಯೊಳಗೆ ಬಳಸಿ’ ಎಂದೇ ಬರೆಯಿರಿ. 24 ಗಂಟೆಯ ಗಡಿಯಾರ ಬಳಸಿ. ‘12 ಗಂಟೆ’ ಎಂದರೆ ಹಗಲೋ ಇರುಳೋ ತಿಳಿಯದು. ನಡುರಾತ್ರಿಯನ್ನು 23:59 ಅಥವಾ 00:01 ಎಂದು ಬರೆದರೆ ದಿನದ ಗೊಂದಲವೂ ಇಲ್ಲ. ತಿಂಗಳನ್ನು ಅಂಕಿಯ ಬದಲು ಅಕ್ಷರದಲ್ಲಿ ಬರೆದರೆ 5–6 ಎಂಬುದು ಮೇ ತಿಂಗಳೋ ಜೂನೋ ಎಂದು ಯಾರೂ ಫೋನ್ ಮಾಡಬೇಕಾಗಿಲ್ಲ.

ಜೊತೆಗೆ ಹೋಗುವ ರಕ್ತದ ಟ್ಯೂಬನ್ನು ಮರೆಯಬಾರದು. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಪರೀಕ್ಷೆ ಅದರಿಂದಲೇ. ಟ್ಯೂಬಿನ ಮೇಲಿನ ಸಂಖ್ಯೆಯೂ ಸೀಸೆಯ ಸಂಖ್ಯೆಯೂ ತಾಳೆಯಾಗದಿದ್ದರೆ ಎರಡೂ ಕಾರ್ನಿಯಾಗಳನ್ನು ಕಸಿಗೆ ಬಳಸುವಂತಿಲ್ಲ. ಟ್ಯೂಬಿಗೂ ಸೀಸೆಗೂ ದಾನಿಯ ಮನೆಯಲ್ಲೇ, ಒಂದೇ ಕೂರಿಕೆಯಲ್ಲಿ ಲೇಬಲ್ ಹಾಕುವುದು ಇದಕ್ಕೆ ಮದ್ದು. ಮೊದಲೇ ಒಂದೇ ಸಂಖ್ಯೆಯ ಆರೇಳು ಸ್ಟಿಕ್ಕರ್ ಇರುವ ಹಾಳೆ ಕಿಟ್ಟಿನಲ್ಲಿದ್ದರೆ ಸಾಕು: ಎರಡು ಸೀಸೆಗೆ, ಟ್ಯೂಬಿಗೆ, ಒಪ್ಪಿಗೆ ಪತ್ರಕ್ಕೆ, ರಿಜಿಸ್ಟರಿಗೆ. ಕೊನೆಗೆ ಉಳಿದ ಸ್ಟಿಕ್ಕರುಗಳನ್ನು ಹರಿದು ಹಾಕಿ. ಮುಂದಿನ ದಾನಕ್ಕೆ ಅವು ಅಂಟಿದರೆ ಮಾಡಿದ್ದೆಲ್ಲ ನೀರುಪಾಲು.

ಕಾನೂನು ಎಲ್ಲಿದೆ? 1994ರ ಮಾನವ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾಗಿ ‘ಅಂಗಾಂಶ’ ಎಂಬುದು ಹೆಸರಿನಲ್ಲೇ ಸೇರಿತು. 2014ರಲ್ಲಿ ನಿಯಮಗಳು ಬಂದವು. ತರಬೇತಾದ ತಂತ್ರಜ್ಞರು ಕಾರ್ನಿಯಾ ತೆಗೆಯಲು ಆ ತಿದ್ದುಪಡಿಯೇ ದಾರಿ ಮಾಡಿತು, ಇಲ್ಲದಿದ್ದರೆ ರಾತ್ರಿ ಎರಡಕ್ಕೆ ಹಳ್ಳಿಗೆ ವೈದ್ಯರೇ ಹೋಗಬೇಕಿತ್ತು. ಕುಟುಂಬದವರ ಒಪ್ಪಿಗೆಗೆ ಫಾರಂ 8. ಅಂಗಾಂಶದ ವ್ಯಾಪಾರಕ್ಕೆ ಒಂದರಿಂದ ಮೂರು ವರ್ಷ ಜೈಲು, 5 ಲಕ್ಷದಿಂದ 25 ಲಕ್ಷ ರೂಪಾಯಿ ದಂಡ. ಹಾಗಾಗಿ ಪೆಟ್ಟಿಗೆಯ ಜೊತೆ ಹೋಗುವ ಬಿಲ್ಲಿನ ಮೇಲೆ ‘ಕಾರ್ನಿಯಾ ಬೆಲೆ’ ಎಂದು ಅಚ್ಚು ಮಾಡಿಸುವ ಅಕೌಂಟೆಂಟರಿಗೆ ಒಂದು ಮಾತು ಹೇಳುವುದು ಒಳ್ಳೆಯದು. ತೆಗೆದುಕೊಳ್ಳಬಹುದಾದದ್ದು ಸಂಸ್ಕರಣೆಯ ವೆಚ್ಚ, ಬೆಲೆಯಲ್ಲ. ವಿಮಾನದಲ್ಲಿ ಕಳಿಸುವವರಿಗೆ ಇನ್ನೊಂದು ಸಮಾಧಾನ: ಕಸಿಗೆಂದು ಹೋಗುವ ಅಂಗಾಂಶ ಅಂತರರಾಷ್ಟ್ರೀಯ ವಿಮಾನ ಸಾಗಣೆ ನಿಯಮದಲ್ಲಿ ಅಪಾಯಕಾರಿ ಸರಕಿನ ಪಟ್ಟಿಗೆ ಬರುವುದಿಲ್ಲ. ಕೌಂಟರಿನಲ್ಲಿ ತಡೆದರೆ ಇದನ್ನು ಹೇಳಬಹುದು. ಡ್ರೈ ಐಸ್ ಮಾತ್ರ ಆ ಪಟ್ಟಿಯಲ್ಲಿದೆ, ಅದು ಬೇಡವೆಂಬುದಕ್ಕೆ ಎರಡನೇ ಕಾರಣ ಸಿಕ್ಕಿತು.

ಬಸ್ಸಿನಲ್ಲಿ ಕಳಿಸುವುದಾದರೆ ಹೊರ ಪೆಟ್ಟಿಗೆಯ ಲೇಬಲ್ ಕನ್ನಡದಲ್ಲೂ ಇರಬೇಕು. ಒಳಗಿನ ಸೀಸೆ ಓದುವವರು ವೈದ್ಯರು, ಹೊರಗಿನದನ್ನು ಓದುವವರು ಡ್ರೈವರ್, ಕಂಡಕ್ಟರ್. ‘ಹ್ಯಾಂಡಲ್ ವಿತ್ ಕೇರ್’ ಎಂಬುದನ್ನು ಟಿವಿ ಪೆಟ್ಟಿಗೆಯ ಮೇಲೂ ನೋಡಿ ನೋಡಿ ಕಣ್ಣು ದಾಟಿಹೋಗುತ್ತದೆ. ದೊಡ್ಡ ಅಕ್ಷರದಲ್ಲಿ ಹೀಗೆ ಬರೆಯಿರಿ: ‘ಕಸಿಗೆ ಹೋಗುತ್ತಿರುವ ಕಣ್ಣಿನ ಅಂಗಾಂಶ. ಎಂಜಿನ್ ಬಾನೆಟ್ ಮೇಲೆ ಇಡಬೇಡಿ. ಡಿಕ್ಕಿಗೆ ಹಾಕಬೇಡಿ. ಬಿಸಿಲಿಗೆ ಇಡಬೇಡಿ. ಮೇಲುಗಡೆ ಈ ಕಡೆ.’ ಡ್ರೈವರ್ ಪಕ್ಕದ ಬಾನೆಟ್ ಜಾಗ ಗೌರವದ ಜಾಗವೆಂದು ಪೆಟ್ಟಿಗೆಯನ್ನು ಅಲ್ಲೇ ಇಡುವವರು ಒಳ್ಳೆಯ ಮನಸ್ಸಿನಿಂದಲೇ ಇಡುತ್ತಾರೆ. ಕೆಳಗಿರುವ ಎಂಜಿನ್ನಿನ ಕಾವು ಥರ್ಮೋಕೋಲ್ ಲೆಕ್ಕವನ್ನೆಲ್ಲ ತಲೆಕೆಳಗೆ ಮಾಡುತ್ತದೆ. ಕಳಿಸುವವರದೂ ಪಡೆಯುವವರದೂ ಫೋನ್ ನಂಬರ್, ಬಸ್ಸಿನ ನಂಬರ್, ಹೊರಟ ಗಂಟೆ ಹೊರಗಡೆ ಇರಲಿ. ಸೀಲ್ ಒಡೆದರೆ ಗೊತ್ತಾಗುವಂಥ ನಂಬರ್ ಟ್ಯಾಗ್ ಒಂದನ್ನು ಹಾಕಿ, ಆ ನಂಬರನ್ನು ವಾಟ್ಸ್ಯಾಪಿನಲ್ಲಿ ಆಸ್ಪತ್ರೆಗೆ ಮೊದಲೇ ಕಳಿಸಿಡಿ.

ಒಟ್ಟಿನಲ್ಲಿ ನಮ್ಮ ಅಂಕ: ತೆಳು ಥರ್ಮೋಕೋಲ್‌ಗೆ ಐದಕ್ಕೆ ಎರಡು, 40 ಮಿ.ಮೀ. ಗೋಡೆಯದಕ್ಕೆ ಮೂರು. ಪಿಸಿಎಂ ಪೆಟ್ಟಿಗೆಗೆ ಮೂರೂವರೆ. ಬೆಲೆ ಇಳಿದರೆ ಇನ್ನರ್ಧ. ಕಂಡೀಷನ್ ಮಾಡಿದ ಪ್ಯಾಕುಗಳ ವ್ಯಾಕ್ಸಿನ್ ಕ್ಯಾರಿಯರಿಗೆ ನಾಲ್ಕೂವರೆ. ಕಂಡೀಷನ್ ಮಾಡದಿದ್ದರೆ ಅದೇ ಕ್ಯಾರಿಯರಿಗೆ ಸೊನ್ನೆ.

ಪಡೆಯುವ ಆಸ್ಪತ್ರೆಯಲ್ಲಿ ಪೆಟ್ಟಿಗೆ ತೆರೆಯುವ ಕೆಲಸ ಇಬ್ಬರದು. ಒಬ್ಬರು ಸೀಸೆಯ ಸಂಖ್ಯೆಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕಾಗದ ನೋಡಿ ತಾಳೆ ಹಾಕಬೇಕು. ಸೀಲ್ ನಂಬರ್, ಲಾಗರ್, ಐಸ್ ಇನ್ನೂ ಉಳಿದಿದೆಯೇ, ದ್ರವದ ಬಣ್ಣ, ಕದಡಿದೆಯೇ, ಇಷ್ಟನ್ನು ಬರೆದು ಗಂಟೆ ಹಾಕಿ ಸಹಿ ಮಾಡಿ ಫೋಟೊ ಕಳಿಸಿದ ಮೇಲೆಯೇ ಸೀಸೆ ಫ್ರಿಜ್ಜಿಗೆ. ಫ್ರಿಜ್ಜಿನಲ್ಲೂ ಹಿಂದಿನ ಗೋಡೆಗೆ, ಫ್ರೀಜರ್ ಕೆಳಗಿನ ತಟ್ಟೆಗೆ ತಾಗಿಸಬಾರದು, ಅಲ್ಲಿಯೂ ಹೆಪ್ಪುಗಟ್ಟುತ್ತದೆ. ಕೋಶ ಮತ್ತೆ ಎಣಿಸಬೇಕಿದ್ದರೆ ಸೀಸೆ ಕೊಠಡಿಯ ಉಷ್ಣತೆಗೆ ಬರುವವರೆಗೆ ಕಾಯಬೇಕು, ತಣ್ಣಗಿರುವಾಗ ಕೋಶದ ಅಂಚುಗಳು ಸರಿಯಾಗಿ ಕಾಣುವುದಿಲ್ಲ. ಇನ್ನು ಖಾಲಿ ಕ್ಯಾರಿಯರ್. ಹಿಂದಕ್ಕೆ ಕಳಿಸುವ ಮೊದಲು ಹೊರಗಿನ ಲೇಬಲ್ ಕಿತ್ತುಹಾಕಿ, ಉಳಿದ ಅಂಟನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಮುಚ್ಚಳ ತೆರೆದಿಟ್ಟು ಒಣಗಿಸಿ. ನಿನ್ನೆಯ ಸಂಖ್ಯೆ ಹೊತ್ತ ಪೆಟ್ಟಿಗೆಯಲ್ಲಿ ಇವತ್ತಿನ ಕಾರ್ನಿಯಾ ಬಂದಿಳಿಯುವುದು ಈ ಒಂದು ನಿಮಿಷದ ಕೆಲಸ ಬಿಟ್ಟುಹೋದಾಗಲೇ.